ಕಚ್ಚದ ಕೊಂಡಿ

ಅಥಣಿಯ ಗಚ್ಚಿನಮಠದ ದರ್ಶನಕ್ಕೆಂದು ವಿಜಯಪುರದಿಂದ ಅಥಣಿ ರಸ್ತೆ ಹಿಡಿದಿದ್ದೆವು. ತಿಕೋಟಾ ಸಮೀಪಿಸಿದಾಗ ಹಿಂದಿನ ಆಸನದಲ್ಲಿ ಮೊಮ್ಮಗಳ ಸೀಟ್ ಬೆಲ್ಟಿನ ಕೊಂಡಿ ಕಚ್ಚಲೊಲ್ಲದಾಯಿತು. ‘ಹಿಂದೆ ಕುಳಿತವರಿಗೆ ಬೆಲ್ಟೇಕೆ?’ ಎಂದರು ಮನೆಯವರು. ನಾವು ಒಪ್ಪದೆ ವಾಹನ ನಿಲ್ಲಿಸಿದೆವು. ಕೊಂಡಿಯನ್ನು ಬೋರಲಾಗಿಸಿ ತಟ್ಟಿದರೆ ಉದುರಿದ್ದು ಒಣದ್ರಾಕ್ಷಿ! ತಿಕೋಟಾ ಸೀಮೆಯ ಸವಿಯೇನೋ ನಿಜ, ಸ್ಥಾನ ತಪ್ಪಿತ್ತು.

ಅಂಟಿಗೆ ಧೂಳು ಕೂಡಿದರೆ ಒಳಗಿನ ಅಗುಳಿ ಪೂರ್ಣ ಕೂರದು. ಹಾಕಿದಂತೆ ಕಂಡ ಬೆಲ್ಟು ಅಪಘಾತದ ಸೆಳೆತಕ್ಕೆ ಬಿಚ್ಚೀತು. ಎಣ್ಣೆ ಬಿಡುವವರುಂಟು, ಎಣ್ಣೆ ಧೂಳನ್ನೇ ಹಿಡಿದಿಡುವುದು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಯಿಸಿ, ಲೋಹದ ನಾಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕೆಂಪು ಗುಂಡಿಯೇ ಒಡೆದಿದ್ದರೆ ಕೊಂಡಿಯನ್ನೇ ಬದಲಿಸಬೇಕು. 1995ರಲ್ಲಿ ಅಮೆರಿಕದಲ್ಲಿ ಟಕಾಟಾ ಬೆಲ್ಟುಗಳ ಗುಂಡಿಯ ಚೂರು ಒಳಗೆ ಸಿಕ್ಕುತ್ತಿದ್ದುದರಿಂದ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ದುರಸ್ತಿಗೆ ಕರೆಸಬೇಕಾಯಿತು.

ನಮ್ಮ ಕೊಂಡಿ ತಿಕೋಟಾದಲ್ಲಿಯೇ ‘ಕಟ್’ ಎಂದಿತು. ದ್ರಾಕ್ಷಿಯ ಚೀಲವನ್ನು ಮಾತ್ರ ಮೊಮ್ಮಗಳು ಮಡಿಲಿನಿಂದ ಇಳಿಸಲಿಲ್ಲ.