ದ್ವೀಪ ‘ಮುಗಿಸುವ’ ಸಂಭ್ರಮ

ಪ್ರವಾಸದ ವಿಷಯದಲ್ಲಿ ನಮ್ಮ ಜನ ಈಚೆಗೆ ಬಳಸುತ್ತಿರುವ ಒಂದು ಕ್ರಿಯಾಪದದ ಮೇಲೆ ನನಗೆ ತಕರಾರಿದೆ. ‘ಮುಗಿಸುವುದು’ ಎಂಬುದೇ ಅದು. ಊಟ ಮುಗಿಸಬಹುದು, ಪಾಠ ಮುಗಿಸಬಹುದು. ಒಂದು ದೇಶವನ್ನು ಮುಗಿಸುವುದೆಂದರೇನು? ಆದರೂ ‘ಮಾರಿಷಸ್ ಮೂರು ದಿನದಲ್ಲಿ ಮುಗಿಯಿತು’ ಎನ್ನುವ ಮಹನೀಯರು ಬೆಂಗಳೂರಿನಲ್ಲಿ ನನಗೆ ಆಗಾಗ ಸಿಗುತ್ತಾರೆ. ಬಾಡಿಗೆಗೆ ಕಾರು ಹಿಡಿದು ತಾವೇ ಓಡಿಸಿದರಂತೆ. ಅಲ್ಲಿನ ಒಂಬತ್ತು ಜಿಲ್ಲೆಗಳನ್ನೂ ಸುತ್ತಿದರಂತೆ.

ಬರುವ ಮೇ ತಿಂಗಳಲ್ಲಿ ನಾವೂ ಎರಡು ಸಂಸಾರದವರು ಅಲ್ಲಿಗೆ ಹೊರಟಿದ್ದೇವೆ. ಕಾರ್ಯಕ್ರಮದ ಪಟ್ಟಿ ಸಿದ್ಧಪಡಿಸಿದವರು ನನ್ನ ಸಹೋದ್ಯೋಗಿಗಳಾದ ಗಣಿತದ ಮೇಷ್ಟ್ರು. ಅವರ ತರ್ಕ ಸರಳ. ದ್ವೀಪದ ಉದ್ದ ಸುಮಾರು ೬೫ ಕಿಲೋಮೀಟರು, ಅಗಲ ೪೫. ವಿಸ್ತೀರ್ಣದಲ್ಲಿ ನಮ್ಮ ಕೊಡಗಿನ ಅರ್ಧದಷ್ಟೂ ಇಲ್ಲ. ವಾಹನಗಳು ನಮ್ಮಲ್ಲಿಯಂತೆ ಎಡಗಡೆಗೇ ಓಡುತ್ತವೆ. ಆದ್ದರಿಂದ ದಿನಕ್ಕೆ ಆರು ಸ್ಥಳ, ಮೂರು ದಿನಕ್ಕೆ ಹದಿನೆಂಟು. ಗುಣಾಕಾರದಲ್ಲಿ ತಪ್ಪಿಲ್ಲ. ಗುಣಿಸಲು ಹೊರಟದ್ದೇ ನನ್ನ ಆಕ್ಷೇಪಣೆ.

ಮೊದಲು ವ್ಯಾವಹಾರಿಕವಾದ ಮಾತು. ವಿಮಾನನಿಲ್ದಾಣ ಇರುವುದು ಆಗ್ನೇಯ ಮೂಲೆಯಲ್ಲಿ. ಅಲ್ಲಿಂದ ರಾಜಧಾನಿ ಪೋರ್ಟ್ ಲೂಯಿಯ ಮೂಲಕ ಉತ್ತರಕ್ಕೆ ಹೋಗುವ ಹೆದ್ದಾರಿ ಚೆನ್ನಾಗಿದೆ. ಅದನ್ನು ಬಿಟ್ಟು ಹಳ್ಳಿಯ ದಾರಿ ಹಿಡಿದರೆ ಬೇರೆ ಲೋಕ. ಕಿರಿದಾದ ರಸ್ತೆ, ತಿರುವು, ಎರಡು ಬದಿಗೂ ಕಬ್ಬು. ಕಟಾವು ಆರಂಭವಾಗುವುದು ಜೂನಿನ ಹೊತ್ತಿಗೆ. ಎಂದರೆ ಮೇ ತಿಂಗಳಲ್ಲಿ ಕಬ್ಬು ಆಳೆತ್ತರ ಮೀರಿ ಬೆಳೆದಿದ್ದು, ತಿರುವಿನಾಚೆ ಏನು ಬರುತ್ತಿದೆಯೆಂದು ಕಾಣುವುದಿಲ್ಲ. ಆ ತಿಂಗಳಲ್ಲಿ ಸಂಜೆ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೆಳಗ್ಗೆ ಪೋರ್ಟ್ ಲೂಯಿಗೆ ಹೋಗುವ ವಾಹನಗಳ ಸಾಲು ನಮ್ಮ ಸಿಲ್ಕ್ ಬೋರ್ಡಿನ ನೆನಪು ತರಿಸುವಂಥದು. ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆದ ದಿನಚರಿ ಅಲ್ಲಿ ಮಧ್ಯಾಹ್ನದೊಳಗೆ ಕುಸಿಯುತ್ತದೆ. ಆಮೇಲೆ ಉಳಿಯುವುದು ಹೆಂಡತಿಮಕ್ಕಳ ಮೇಲೆ ರೇಗುತ್ತ, ಕತ್ತಲಲ್ಲಿ, ಅಪರಿಚಿತ ರಸ್ತೆಯಲ್ಲಿ ವೇಗ ಹೆಚ್ಚಿಸುವುದು. ಹದಿನೆಂಟನೆಯ ಸ್ಥಳದ ಬೆಲೆ ಇಷ್ಟೆ?

ಆದರೆ ಹೊತ್ತು ಸಾಲದು ಎಂಬುದಷ್ಟೇ ನನ್ನ ವಾದವಾಗಿದ್ದರೆ ಇನ್ನೆರಡು ದಿನ ಸೇರಿಸಿ ಮೇಷ್ಟ್ರು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಆ ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಕಪ್ಪು ಕಲ್ಲಿನ ದೊಡ್ಡ ರಾಶಿಗಳಿವೆ. ಅವನ್ನು ಯಾವ ಪಟ್ಟಿಯೂ ಪ್ರೇಕ್ಷಣೀಯ ಸ್ಥಳವೆಂದು ಕರೆಯುವುದಿಲ್ಲ. ಜ್ವಾಲಾಮುಖಿ ಉಗುಳಿದ ಆ ಕಲ್ಲನ್ನು ನೆಲದಿಂದ ಕಿತ್ತು ಒಟ್ಟಿದ್ದು ಕೂಲಿಯವರ ಕೈ. ೧೮೩೫ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಅದಕ್ಕೆ ಹಿಂದಿನ ವರ್ಷವೇ ತೋಟದ ಧಣಿಗಳು ಭಾರತದಿಂದ ಕರಾರಿನ ಕೂಲಿಗಳನ್ನು ತರಿಸಲು ಆರಂಭಿಸಿದ್ದರು. ಐದು ವರ್ಷದ ಕರಾರು, ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಖೋತಾ. ಹೀಗೆ ಬಂದವರು ಸುಮಾರು ನಾಲ್ಕೂವರೆ ಲಕ್ಷ ಜನ. ಇನ್ನು ನಮ್ಮ ಪ್ರವಾಸಕ್ಕೆ ನೇರವಾಗಿ ತಟ್ಟುವ ಸಂಗತಿ: ೧೮೬೭ರ ಕಾನೂನಿನಂತೆ, ಕರಾರು ತೀರಿದ ಕೂಲಿಯವನೂ ಭಾವಚಿತ್ರ ಅಂಟಿಸಿದ ಚೀಟಿಯನ್ನು ಸದಾ ಜೇಬಿನಲ್ಲಿಟ್ಟುಕೊಂಡಿರಬೇಕಿತ್ತು, ಪೊಲೀಸರ ಪರವಾನಗಿಯಿಲ್ಲದೆ ತನ್ನ ಜಿಲ್ಲೆಯ ಗಡಿ ದಾಟುವಂತಿರಲಿಲ್ಲ. ದಾಟಿ ಸಿಕ್ಕಿಬಿದ್ದವನು ಅಲೆಮಾರಿಯೆಂದು ಸೆರೆಗೆ. ೧೮೭೧ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಇದರ ವಿರುದ್ಧ ಅರ್ಜಿ ಬರೆದುಕೊಂಡರು. ಅದಕ್ಕೆ ನೆರವಾದ ಅಡಾಲ್ಫ್ ದ ಪ್ಲೆವಿಟ್ಸ್ ತಾನೇ ತೋಟಗಾರ, ಬಿಳಿಯ; ಸ್ವಂತ ವರ್ಗದವರ ದ್ವೇಷ ಕಟ್ಟಿಕೊಂಡ. ಮರುವರ್ಷ ರಾಯಲ್ ಕಮಿಷನ್ ವಿಚಾರಣೆಗೆ ಬಂತು.

ಒಂಬತ್ತು ಜಿಲ್ಲೆಗಳನ್ನು ಮೂರು ದಿನದಲ್ಲಿ ‘ಮುಗಿಸಿ’ದೆನೆಂದು ಬೀಗುವ ಭಾರತೀಯ ಈ ಗಡಿಗಳನ್ನು ಗಂಟೆಗೊಂದರಂತೆ ದಾಟಿರುತ್ತಾನೆ, ದಾಟಿದ್ದು ಅವನಿಗೆ ಗೊತ್ತೇ ಆಗಿರುವುದಿಲ್ಲ. ಕೂಲಿಗಳನ್ನು ಇಳಿಸಿಕೊಳ್ಳುತ್ತಿದ್ದ ಪೋರ್ಟ್ ಲೂಯಿಯ ಡಿಪೋ, ಹಿಂದಿನ ಕೂಲಿ ಘಾಟ್, ಈಗ ಆಪ್ರವಾಸಿ ಘಾಟ್ ಎಂಬ ಹೆಸರಿನಲ್ಲಿ ೨೦೦೬ರಿಂದ ವಿಶ್ವಪರಂಪರೆಯ ಸ್ಥಾನ. ಹಳೆಯ ಕಟ್ಟಡಗಳಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಮಿಕ್ಕ ನೆಲದ ಮೇಲೆ ಹೆದ್ದಾರಿ ಹಾದುಹೋಗಿದೆ. ಎಂದರೆ ನಮ್ಮವರ ಬಾಡಿಗೆ ಕಾರು ಅದರ ಮೇಲೆಯೇ ಹೋಗಿರುತ್ತದೆ, ಉತ್ತರದ ಸಮುದ್ರತೀರಕ್ಕೆ ತಡವಾಯಿತೆಂಬ ಅವಸರದಲ್ಲಿ! ಮೇಷ್ಟ್ರ ಪಟ್ಟಿಯಲ್ಲಿ ಅದಿಲ್ಲ. ಓಡಿಹೋದ ಗುಲಾಮರು ಅಡಗಿದ್ದ ಲ ಮೋರ್ನ್ ಬೆಟ್ಟವಿದೆ, ನಿಜ. ‘ಫೋಟೋ, ೨೦ ನಿಮಿಷ’ ಎಂದು.

‘ರಜಕ್ಕೆ ಹೊರಟವರಿಗೆ ಇತಿಹಾಸದ ಪಾಠವೇಕೆ, ಕನ್ನಡ ಮೇಷ್ಟ್ರೇ? ದುಡ್ಡು ಕೊಟ್ಟು ದುಃಖ ನೋಡಬೇಕೆ?’ ಎಂದು ಅವರ ಪ್ರಶ್ನೆ. ಸಮುದ್ರಸ್ನಾನಕ್ಕೆ ನನ್ನ ವಿರೋಧವಿಲ್ಲ. ನನ್ನ ಮಕ್ಕಳು ನೀರು ಕಂಡರೆ ಬಿಡುವವರಲ್ಲ. ಆದರೆ ದುಃಖವನ್ನಷ್ಟೇ ನೋಡಿ ಎಂದು ನಾನು ಎಲ್ಲಿ ಹೇಳಿದೆ? ಆ ಕೂಲಿಗಳ ವಂಶಜರು ೧೯೬೮ರಲ್ಲಿ ಸ್ವತಂತ್ರವಾದ ಆ ದೇಶವನ್ನು ಆಳಿದ್ದಾರೆ. ಶಿವರಾತ್ರಿಗೆ ಊರೂರಿನಿಂದ ಕಾವಡಿ ಹೊತ್ತು ಗಂಗಾ ತಲಾವಿಗೆ ನಡೆದೇ ಹೋಗುತ್ತಾರೆ. ಒಂದು ಕಾಲಕ್ಕೆ ಪರವಾನಗಿ ಬೇಕಾಗಿದ್ದ ದಾರಿಗಳವು. ಬೀದಿ ಬದಿಯಲ್ಲಿ ಮಾರುವ ದಾಲ್‌ಪುರಿ ತಿಂದು ನೋಡಿದರೆ ಬೆಲ್ಲ ಹಾಕದ ಬೇಳೆ ಹೋಳಿಗೆಯೇ ಸರಿ. ಅದನ್ನು ತಿನ್ನಲು ಕಾರು ನಿಲ್ಲಿಸಬೇಕು. ಸ್ವಂತವಾಗಿ ಕಾರು ಓಡಿಸುವುದರಲ್ಲಿ ಏನಾದರೂ ಸ್ವಾತಂತ್ರ್ಯವಿದ್ದರೆ ಬೇಕೆಂದಲ್ಲಿ ನಿಲ್ಲುವುದೇ ಅದು. ಓಡುವುದಕ್ಕಾದರೆ ಅಲ್ಲಿ ಬಸ್ಸುಗಳಿವೆ, ಅಗ್ಗವೂ ಹೌದು.

ಹದಿನೆಂಟರಲ್ಲಿ ಹನ್ನೊಂದನ್ನು ಹೊಡೆದುಹಾಕಿ ಪಟ್ಟಿಯನ್ನು ಹಿಂದಿರುಗಿಸಿದ್ದೇನೆ. ಮೊದಲ ದಿನ ಕಾರೇ ಬೇಡ, ಪೋರ್ಟ್ ಲೂಯಿಯಲ್ಲಿ ಕಾಲ್ನಡಿಗೆ, ಘಾಟಿನಿಂದ ಆರಂಭ. ಎರಡನೆಯ ದಿನ ಬೋ ಪ್ಲಾಂನ ಹಳೆಯ ಸಕ್ಕರೆ ಕಾರ್ಖಾನೆ, ಅದೀಗ ವಸ್ತುಸಂಗ್ರಹಾಲಯ. ಮೂರನೆಯ ದಿನ ಲ ಮೋರ್ನ್, ಇಡೀ ದಿನ. ಶಮಾರೆಲ್ಲಿನ ಏಳು ಬಣ್ಣದ ಮಣ್ಣನ್ನು ಬಿಡಲು ಮೇಷ್ಟ್ರು ಇನ್ನೂ ಒಪ್ಪಿಲ್ಲ. ಅದೊಂದನ್ನು ಸೇರಿಸಲು ನಾನು ಸಿದ್ಧ, ಸಂಜೆ ಐದಕ್ಕೆ ಕಾರು ಬಿಡಾರದ ಮುಂದೆ ನಿಂತಿರಬೇಕೆಂಬ ಷರತ್ತಿನ ಮೇಲೆ.