ವಾಪಸ್ ಬಂದವರೆಲ್ಲ ಸೋತವರಲ್ಲ

ಒಂದು ಬಯೋಡೇಟಾ ಹೀಗಿದೆ. 17ನೇ ವಯಸ್ಸಿನಲ್ಲಿ ಮೊದಲ ಕೆಲಸ, ಕೋಲ್ಕತ್ತದಲ್ಲಿ. ಅಲ್ಲಿಂದ ಪಂಜಾಬ್, ಮತ್ತೆ ಕೋಲ್ಕತ್ತ, ನಂತರ ಗೋವಾ, ಅಮೆರಿಕ, ಮತ್ತೆ ಕೋಲ್ಕತ್ತ, ಆಮೇಲೆ ಪೋರ್ಚುಗಲ್, ಪುನಃ ಗೋವಾ. 11 ವರ್ಷಗಳಲ್ಲಿ ಎಂಟು ಕಡೆ ಕೆಲಸ. ನಡುವೆ ಒಮ್ಮೆ ಇಂಗ್ಲೆಂಡಿಗೆ ಹೊರಟಾಗ ವರ್ಕ್ ಪರ್ಮಿಟ್ ಸಿಗಲಿಲ್ಲ. ವಿದೇಶಕ್ಕೆ ಎರಡು ಸಲ ಹೋಗಿ, ಎರಡೂ ಸಲ ವರ್ಷ ತುಂಬುವುದರೊಳಗೆ ವಾಪಸ್.

ಹೆಸರು ಮುಚ್ಚಿ ಇದನ್ನು ನಮ್ಮ ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ಹಿರಿಯರ ಮುಂದೆ ಇಟ್ಟರೆ ಏನು ಹೇಳಬಹುದು? 'ಎಲ್ಲೂ ನಿಲ್ಲದ ಹುಡುಗ. ಪಕ್ಕಾ ನೌಕರಿ ಇಲ್ಲ. ಹೆಣ್ಣು ಕೊಡುವ ಮೊದಲು ವಿಚಾರ ಮಾಡ್ರಿ' ಎನ್ನುತ್ತಾರೆ.

ಈ ಬಯೋಡೇಟಾ ಸುನಿಲ್ ಚೆಟ್ರಿ ಅವರದ್ದು. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದ ಸ್ಟ್ರೈಕರ್, ಬೆಂಗಳೂರು ಎಫ್‌ಸಿ ತಂಡದ ಮುಖ. 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ ಪಡೆದವರು.

ನಮ್ಮ ಕಡೆ ಫುಟ್‌ಬಾಲ್ ಆಡುವವರು ಕಡಿಮೆ. ಸಂಜೆ ಕಾಲೇಜು ಮೈದಾನದಲ್ಲಿ ಕ್ರಿಕೆಟ್ ಬಿಟ್ಟರೆ ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ಏನಿದ್ದರೂ ಹಾಸ್ಟೆಲ್‌ನಲ್ಲಿ ಮೊಬೈಲ್ ಪರದೆಯ ಮೇಲೆ. ಆದರೂ ಕೆಲಸ ಹುಡುಕುತ್ತಿರುವ, ಹುಡುಕಲಿರುವ ನಮ್ಮಂಥವರು ಚೆಟ್ರಿ ಅವರ ಗೋಲುಗಳಿಗಿಂತ ಹೆಚ್ಚಾಗಿ ಅವರ ಪಯಣವನ್ನು ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ಏಕೆಂದರೆ 'ಹೋಗುವುದು' ಮತ್ತು 'ವಾಪಸ್ ಬರುವುದು' ಎಂಬ ಎರಡು ಮಾತುಗಳನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇವೆ.

ಚೆಟ್ರಿ ಹುಟ್ಟಿದ್ದು 1984ರಲ್ಲಿ ಸಿಕಂದರಾಬಾದ್‌ನಲ್ಲಿ. ನಮ್ಮವರು ಆಸ್ಪತ್ರೆಗೆ, ಬಟ್ಟೆ ಖರೀದಿಗೆ, ಅಮೀರ್‌ಪೇಟೆಯ ಕೋರ್ಸ್‌ಗಳಿಗೆ ಬಸ್ ಹತ್ತಿ ಹೋಗುತ್ತಾರಲ್ಲ, ಅದೇ ಹೈದರಾಬಾದಿನ ಅವಳಿ ನಗರದಲ್ಲಿ. ತಂದೆ ಸೇನೆಯಲ್ಲಿದ್ದುದರಿಂದ ಬಾಲ್ಯವೆಲ್ಲ ಊರಿಂದ ಊರಿಗೆ. 2002ರಲ್ಲಿ ಮೋಹನ್ ಬಾಗನ್ ಸೇರಿದರು. 2005ರಲ್ಲಿ ಪಂಜಾಬಿನ ಜೆಸಿಟಿಗೆ ಹೋದರು. ಅದೇ ವರ್ಷ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಪರ ಮೊದಲ ಪಂದ್ಯ ಆಡಿದರು, ಗೋಲನ್ನೂ ಹೊಡೆದರು. 2008ರಲ್ಲಿ ಈಸ್ಟ್ ಬೆಂಗಾಲ್, 2009ರಲ್ಲಿ ಗೋವಾದ ಡೆಂಪೊ.

ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರಿಗೆ ಮೂರು ವರ್ಷದ ಒಪ್ಪಂದ ಕೊಟ್ಟದ್ದು 2009ರಲ್ಲೇ. ಕ್ಲಬ್‌ಗೆ ಆಟಗಾರ ಬೇಕಿದ್ದ, ಆಟಗಾರ ಹೋಗಲು ಸಿದ್ಧನಿದ್ದ. ಆದರೂ ವರ್ಕ್ ಪರ್ಮಿಟ್ ಸಿಗಲಿಲ್ಲ. ಕಾರಣ ಅವರ ಆಟವಲ್ಲ. ಭಾರತ ತಂಡ ಫಿಫಾ ರ‍್ಯಾಂಕಿಂಗ್‌ನ ಮೊದಲ 70ರೊಳಗೆ ಇರಲಿಲ್ಲ, ಅಷ್ಟೆ.

ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ನಿಮಗೆ ಕೋಡಿಂಗ್ ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲೇ ಕಾಲೇಜಿನ ಹೆಸರು ನೋಡಿ ಅರ್ಜಿ ಪಕ್ಕಕ್ಕಿಡುವ ಕಂಪನಿಗಳಿವೆ. ಆನ್‌ಲೈನ್ ಫಾರ್ಮ್‌ನಲ್ಲಿ ಕಾಲೇಜು ಆಯ್ಕೆ ಮಾಡುವ ಪಟ್ಟಿ ತೆರೆದರೆ ನಮ್ಮ ಕಾಲೇಜೇ ಇರುವುದಿಲ್ಲ. 'ಇತರೆ' ಎಂದು ಒತ್ತಿ ಮುಂದೆ ಹೋಗಬೇಕು. ನಮ್ಮನ್ನು ಅಳೆಯುವುದು ನಮ್ಮಿಂದಲ್ಲ, ನಾವು ಬಂದ ಜಾಗದಿಂದ. ಚೆಟ್ರಿ ಅವರಿಗೆ ಆದದ್ದೂ ಅದೇ.

ಮರುವರ್ಷ, 2010ರಲ್ಲಿ ಅವರು ಅಮೆರಿಕದ ಕಾನ್ಸಾಸ್ ಸಿಟಿ ವಿಜಾರ್ಡ್ಸ್ ಸೇರಿದರು. ಅಲ್ಲಿನ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲು ಸಿಗಲಿಲ್ಲ. ವಾಪಸ್ ಬಂದು ಕೋಲ್ಕತ್ತದ ಚಿರಾಗ್ ಯುನೈಟೆಡ್, ನಂತರ ಮತ್ತೆ ಮೋಹನ್ ಬಾಗನ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್. ಕ್ರಿಸ್ಟಿಯಾನೊ ರೊನಾಲ್ಡೊ ಬೆಳೆದು ಬಂದ ಕ್ಲಬ್ ಅದು. ಅಲ್ಲಿ 'ಬಿ' ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳು. 2013ರ ಆರಂಭದಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಮರಳಿದರು. ಆ ವರ್ಷ ಐ–ಲೀಗ್ ಗೆದ್ದದ್ದು ಚರ್ಚಿಲ್ ಬ್ರದರ್ಸ್.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಹಂತದಲ್ಲಿ ಚೆಟ್ರಿ ಅವರಿಗೆ 28 ವರ್ಷ. ವಿದೇಶದ ಎರಡು ಪ್ರಯತ್ನ ಮುಗಿದಿದ್ದವು, ಇಂಗ್ಲೆಂಡಿನ ಬಾಗಿಲು ಮುಚ್ಚಿತ್ತು. ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ 'ಹೋದ, ಆಗಲಿಲ್ಲ, ಬಂದ' ಎಂದು ಮೂರೇ ಪದದಲ್ಲಿ ಮುಗಿಸಬಹುದಿತ್ತು.

ಆದರೆ ಅವರ ವೃತ್ತಿಜೀವನದ ದೊಡ್ಡ ಭಾಗ ಶುರುವಾಗಿದ್ದೇ ಆಮೇಲೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಹಳೆಯ ಹೆಸರಿಲ್ಲ, ಇತಿಹಾಸವಿಲ್ಲ, ಅಭಿಮಾನಿಗಳ ಬಳಗವೂ ಇಲ್ಲ. ಚೆಟ್ರಿ ಅದನ್ನು ಸೇರಿದರು. ಮೊದಲ ವರ್ಷವೇ ತಂಡ ಐ–ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು, ಅದೇ ವರ್ಷ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. 2019ರಲ್ಲಿ ಐಎಸ್‌ಎಲ್ ಪ್ರಶಸ್ತಿ. ನಡುವೆ ಸಾಲದ ಮೇಲೆ ಮುಂಬೈ ಸಿಟಿಗೆ ಹೋಗಿ ಆಡಿದ್ದು ಬಿಟ್ಟರೆ ಅವರು ಬೆಂಗಳೂರು ಬಿಡಲಿಲ್ಲ. ಎಲ್ಲೂ ನಿಲ್ಲದವರು ಎನಿಸಿಕೊಳ್ಳಬಹುದಾಗಿದ್ದವರು ಒಂದೇ ಕಡೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತರು.

ಅಂದರೆ ಮೊದಲಿನ ಓಡಾಟ ಚಂಚಲತೆಯಾಗಿರಲಿಲ್ಲ. ನಿಲ್ಲಲು ಯೋಗ್ಯವಾದ ಜಾಗದ ಹುಡುಕಾಟವಾಗಿತ್ತು. ಅವರು ಬಿಟ್ಟು ಬಂದ ಜಾಗಗಳ ಗತಿ ನೋಡಿ. ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು. ಡೆಂಪೊ 2016ರಲ್ಲಿ ಐ–ಲೀಗ್‌ನಿಂದ ಹೊರಬಂತು. 'ಒಂದೇ ಕಡೆ ಇರು' ಎನ್ನುವುದು ಒಳ್ಳೆಯ ಬುದ್ಧಿಮಾತೇ. ಆದರೆ ಆ ಕಡೆಯೂ ಉಳಿಯಬೇಕಲ್ಲ?

ಹಿಂದೆ ಬೆಂಗಳೂರಿನ ಫುಟ್‌ಬಾಲ್ ಆಟಗಾರರಿಗೆ ಈ ಆಯ್ಕೆಯೂ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಹೆಸರು ಮಾಡಿದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ. ಬೆಂಗಳೂರಿನವರೇ ಆದ ಕಾರ್ಲ್ಟನ್ ಚಾಪ್‌ಮನ್ ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಜೆಸಿಟಿ, ಎಫ್‌ಸಿ ಕೊಚ್ಚಿನ್ ಎಂದು ದೇಶ ಸುತ್ತಿದರು. ಊರಿನಲ್ಲಿ ದೊಡ್ಡ ಕ್ಲಬ್ ಇಲ್ಲದ ಮೇಲೆ ಹೋಗದೆ ಏನು ಮಾಡಬೇಕು? ಒಂದು ಒಳ್ಳೆಯ ಕ್ಲಬ್ ಹುಟ್ಟಿದ ಕೂಡಲೇ ದೇಶದ ಅತ್ಯುತ್ತಮ ಸ್ಟ್ರೈಕರ್ ತಾನಾಗಿ ಬಂದು ಬೆಂಗಳೂರಿನಲ್ಲಿ ನೆಲೆಸಿದರು. ಪ್ರತಿಭೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪ್ರತಿಭೆಯೊಂದೇ ನಿರ್ಧರಿಸುವುದಿಲ್ಲ.

ಈಗ ನಮ್ಮೂರಿಗೆ ಬರೋಣ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾಕ್ಕೆ ಬಂದರೆ ಅದೇ ಹೆದ್ದಾರಿ ಸಿಗುತ್ತದೆ. ಡಿಗ್ರಿ ಮುಗಿದ ಮೇಲೆ ನಮ್ಮ ಮುಂದಿರುವ ಪ್ರಶ್ನೆ ಒಂದೇ: ಬಸ್ ಪುಣೆ ಕಡೆಯದೋ, ಹೈದರಾಬಾದ್ ಕಡೆಯದೋ? ಇಲ್ಲಾ ಅಂದ್ರೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರು. ಹೋಗುವವರನ್ನು ಮನೆಮಂದಿಯೆಲ್ಲ ಬಂದು ಬಸ್ ಹತ್ತಿಸುತ್ತಾರೆ. ವಾಪಸ್ ಬರುವವರು ಮಾತ್ರ ಕತ್ತಲಾದ ಮೇಲೆ ಇಳಿಯುತ್ತಾರೆ.

ನಮ್ಮ ಓಣಿಯ ಅಣ್ಣ ಒಬ್ಬರು ಹೈದರಾಬಾದಿನಲ್ಲಿ ಎರಡು ವರ್ಷ ಕೆಲಸ ಮಾಡಿದರು. ಪ್ರಾಜೆಕ್ಟ್ ಮುಗಿಯಿತು, ಕಂಪನಿ ಮನೆಗೆ ಕಳಿಸಿತು. ಊರಿಗೆ ಬಂದ ತಿಂಗಳಲ್ಲಿ ಅವರು ಹೊರಗೆ ಕಾಣಿಸಿಕೊಂಡದ್ದೇ ಕಡಿಮೆ. ಚಹಾದಂಗಡಿಗೆ ಹೋದರೆ 'ಏನಪ್ಪಾ, ನೌಕರಿ ಬಿಟ್ಟು ಬಂದಿ ಏನು?' ಎಂಬ ಪ್ರಶ್ನೆ. ಮದುವೆಗೆ ಹೋದರೂ ಅದೇ. ಆ ಎರಡು ವರ್ಷದಲ್ಲಿ ಏನು ಕಲಿತೆ ಎಂದು ಅವರನ್ನು ಯಾರೂ ಕೇಳಲಿಲ್ಲ. ನಮ್ಮ ಕಾಲೇಜಿನ ಪ್ರಾಜೆಕ್ಟ್‌ಗೆ ಡೇಟಾಬೇಸ್ ಕೆಲಸ ಹೇಳಿಕೊಟ್ಟದ್ದು ಅದೇ ಅಣ್ಣ. ಪುಸ್ತಕದಲ್ಲಿ ಒಂದು ಸೆಮಿಸ್ಟರ್ ಓದಿದ್ದನ್ನು ಮೂರು ಸಂಜೆಗಳಲ್ಲಿ ತಿಳಿಸಿಕೊಟ್ಟರು.

ವಾಪಸ್ ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಅವರ ಕೈಯಲ್ಲಿ ಇರುವುದನ್ನು ನೋಡುವ ಕಣ್ಣು ನಮಗಿಲ್ಲ.

2018ರಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಚೆಟ್ರಿ ಹ್ಯಾಟ್ರಿಕ್ ಹೊಡೆದಾಗ ಮೈದಾನದಲ್ಲಿದ್ದವರು 2,569 ಜನ. ಆಗ ಅವರು ಒಂದು ವಿಡಿಯೊ ಮಾಡಿ ಮನವಿ ಮಾಡಿದರು: ನಮ್ಮ ಆಟ ಯುರೋಪಿನ ಮಟ್ಟದಲ್ಲಿಲ್ಲ, ಅದು ಗೊತ್ತು, ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರಿ ಎನ್ನುವ ಅರ್ಥದ ಮಾತು. ಕೆನ್ಯಾ ವಿರುದ್ಧದ ಮುಂದಿನ ಪಂದ್ಯ ಅವರ ನೂರನೆಯದು. ಟಿಕೆಟ್ ಎಲ್ಲ ಖಾಲಿ. ಅವರು ಎರಡು ಗೋಲು ಹೊಡೆದರು. ಯುರೋಪಿನ ಮಟ್ಟವನ್ನು ಹತ್ತಿರದಿಂದ ಕಂಡು ಬಂದಿದ್ದವರಿಗೇ ಆ ಮಾತನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಲು ಸಾಧ್ಯ. ಹೊರಗೆ ಹೋಗಿ ಬಂದದ್ದರ ಲಾಭ ಇದೂ ಹೌದು: ನಮ್ಮ ಮಟ್ಟ ಯಾವುದು ಎಂದು ಗೊತ್ತಾಗುತ್ತದೆ, ಗೊತ್ತಾದ ಮೇಲೂ ನಮ್ಮದನ್ನು ಬಿಡದೆ ಕೆಲಸ ಮಾಡಬಹುದು.

'ಅವನು ಚೆಟ್ರಿ, ನೀನು ಬಿ.ಇ. ಹುಡುಗ. ಹೋಲಿಕೆ ಎಲ್ಲಿಯದು?' ಎಂದು ಕೇಳಬಹುದು. ನಿಜ. ವಾಪಸ್ ಬಂದಾಗಲೂ ಅವರನ್ನು ಕರೆಯುವ ಕ್ಲಬ್ ಇತ್ತು. ನಮಗೆ ಹಾಗಲ್ಲ, ಮನೆಯ ಸಾಲ, ತಂಗಿಯ ಓದು ಎಲ್ಲವೂ ಆ ಒಂದು ಸಂಬಳದ ಮೇಲೆ ನಿಂತಿರುತ್ತವೆ. ಹಾಗಾಗಿ ಕೆಲಸ ಬಿಟ್ಟು ಬಿಟ್ಟು ಓಡಾಡಿ ಎಂದು ನಾನು ಹೇಳುತ್ತಿಲ್ಲ. ದೊಡ್ಡವರಿಗೂ ಭದ್ರತೆ ಇಲ್ಲ ಎನ್ನುವುದು ಈಚೆಗೆ ಕಂಡಿದೆ. 2025ರ ಜುಲೈನಲ್ಲಿ ಐಎಸ್‌ಎಲ್ ಹೊಸ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಹಿಂದಿನ ಋತುವಿನಲ್ಲಿ, 40ನೇ ವಯಸ್ಸಿನಲ್ಲಿ, ಲೀಗ್‌ನ ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು ಗೋಲು ಹೊಡೆದಿದ್ದ ಚೆಟ್ರಿ ಇದ್ದ ತಂಡ ಅದು. ಅಂಥವರ ತಂಡಕ್ಕೇ ಹೀಗಾದರೆ ಪಕ್ಕಾ ನೌಕರಿ ಎಂಬ ಮಾತಿಗೆ ಏನು ಅರ್ಥ? ಉಳಿಯುವುದು ಕೈಯಲ್ಲಿರುವ ಕಸುಬು ಮಾತ್ರ.

ನಾನು ಕೇಳುವುದು ಎರಡು ವಿಷಯ. ಒಂದು, ಕಾಲೇಜುಗಳು ಪ್ಲೇಸ್‌ಮೆಂಟ್ ಆದವರ ಫೋಟೊ ಹಾಕಿ ಬ್ಯಾನರ್ ಕಟ್ಟುತ್ತವೆ. ಸಂತೋಷ. ಹೋಗಿ ವಾಪಸ್ ಬಂದವರನ್ನೂ ವರ್ಷಕ್ಕೊಮ್ಮೆ ಕರೆಸಿ ಮಾತನಾಡಿಸಲಿ. ಮೊದಲ ಸಂಬಳ ಹೇಗಿತ್ತು, ಬಾಂಡ್‌ಗೆ ಸಹಿ ಹಾಕುವಾಗ ಏನು ಓದಬೇಕಿತ್ತು, ಕೆಲಸ ಹೋದ ದಿನ ಏನು ಮಾಡಿದರು ಎನ್ನುವುದು ನಮಗೆ ಬ್ಯಾನರ್‌ಗಿಂತ ಹೆಚ್ಚು ಬೇಕು.

ಎರಡು, ವಾಪಸ್ ಬರುವವರಿಗೆ ಇಲ್ಲಿಯೂ ಒಂದು 'ಕ್ಲಬ್' ಬೇಕು. 371(ಜೆ) ಬಂದ ಮೇಲೆ ಸೀಟು, ಸರ್ಕಾರಿ ಹುದ್ದೆಗಳಲ್ಲಿ ನಮಗೆ ಮೀಸಲಾತಿ ಸಿಕ್ಕಿತು. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ, ಬೀದರ್–ಕಲಬುರಗಿ ರೈಲು 2017ರಲ್ಲಿ ಬಂತು. ಆದರೆ ಹೊರಗೆ ನಾಲ್ಕು ವರ್ಷ ದುಡಿದ ಎಂಜಿನಿಯರ್ ತಾನು ಕಲಿತದ್ದನ್ನು ಇಲ್ಲೇ ಬಳಸುವಂಥ ಕೆಲಸಗಳು ಇನ್ನೂ ಕಡಿಮೆ. ಬೆಂಗಳೂರು ಎಫ್‌ಸಿಯನ್ನೇ ನೋಡಿ. ಅದರ ಮಾಲೀಕರಾದ ಜೆಎಸ್‌ಡಬ್ಲ್ಯು ಬಳ್ಳಾರಿ ಬಳಿಯ ವಿಜಯನಗರದಲ್ಲಿ ಕ್ರೀಡಾ ಸಂಸ್ಥೆ ಕಟ್ಟಿದ ಮೇಲೆ ಅಲ್ಲಿಗೆ ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳು ಬರುತ್ತಿದ್ದಾರೆ. ಅದೂ ಕಲ್ಯಾಣ ಕರ್ನಾಟಕವೇ. ಜಾಗ ಕಟ್ಟಿದರೆ ಜನ ಬರುತ್ತಾರೆ.

ಈ ಮಾತು ಬಸವಕಲ್ಯಾಣಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣ ಜನ ಬಿಟ್ಟು ಹೋಗುವ ಊರಾಗಿರಲಿಲ್ಲ, ಹುಡುಕಿಕೊಂಡು ಬರುವ ಊರಾಗಿತ್ತು. ಬಳ್ಳಿಗಾವಿಯಿಂದ ಅಲ್ಲಮ ಬಂದರು, ಉಡುತಡಿಯಿಂದ ಅಕ್ಕ ಬಂದರು. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದು ಇಲ್ಲಿ ಕಟ್ಟಿಗೆ ಮಾರಿ ಬದುಕಿದರು ಎನ್ನುತ್ತದೆ ಪರಂಪರೆ. ಎಲ್ಲಿಂದ ಬಂದೆ, ಯಾಕೆ ಬಿಟ್ಟು ಬಂದೆ ಎಂದಲ್ಲ, ಏನು ಕಾಯಕ ಮಾಡುತ್ತೀ ಎಂದು ಕೇಳಿದ ಊರಿದು.

2024ರ ಜೂನ್ 6ರಂದು ಚೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿದ್ದು ಕೋಲ್ಕತ್ತದಲ್ಲಿ, ತಾವು ಹುಡುಗನಾಗಿ ಮೊದಲ ಕೆಲಸ ಶುರು ಮಾಡಿದ್ದ ಊರಿನಲ್ಲಿ. ಮರುವರ್ಷ ತಂಡಕ್ಕೆ ಬೇಕಾದಾಗ 40ನೇ ವಯಸ್ಸಿನಲ್ಲಿ ಮತ್ತೆ ಬಂದು ಮಾಲ್ಡೀವ್ಸ್ ವಿರುದ್ಧ ತಮ್ಮ 95ನೇ ಗೋಲು ಹೊಡೆದರು. ಅಲ್ಲೂ ಅವರು ವಾಪಸ್ ಬಂದವರೇ.

ಮುಂದಿನ ಸಲ ಹೈದರಾಬಾದಿನಿಂದಲೋ ಪುಣೆಯಿಂದಲೋ ಯಾರಾದರೂ ಬ್ಯಾಗ್ ಹಿಡಿದು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಇಳಿದರೆ 'ಯಾಕೆ ಬಂದಿ?' ಎಂದು ಕೇಳಬೇಡಿ. 'ಏನು ಕಲಿತು ಬಂದಿ, ನಮಗೂ ಹೇಳು' ಎಂದು ಕೇಳಿ.

(ಲೇಖಕ ಬಿ.ಇ. ವಿದ್ಯಾರ್ಥಿ, ಹುಮನಾಬಾದ್)