ನಾಲ್ವರ ಹೆಸರು, ಒಬ್ಬನ ದುಡಿಮೆ

ಕಳೆದ ಮೇ ತಿಂಗಳಲ್ಲಿ ಇಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ಪ್ರಾಜೆಕ್ಟ್ ಪ್ರದರ್ಶನಕ್ಕೆ ನನ್ನನ್ನು ಆಹ್ವಾನಿಸಿದ್ದರು. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನಗೆ ಪ್ರೋಗ್ರಾಮಿಂಗ್‌ನ ಒಳಮರ್ಮ ತಿಳಿಯದು. ಆದರೂ ನಾಲ್ವರು ವಿದ್ಯಾರ್ಥಿಗಳ ತಂಡವೊಂದು ಹಾಸ್ಟೆಲ್ ಊಟದ ಲೆಕ್ಕವಿಡುವ ತಂತ್ರಾಂಶವನ್ನು ತೋರಿಸಿದಾಗ, ಲೆಕ್ಕಪತ್ರ ನೋಡಿದ ಹಳೆಯ ಅಭ್ಯಾಸದಿಂದ ಒಂದು ಪ್ರಶ್ನೆ ಕೇಳಿದೆ: ವಿದ್ಯಾರ್ಥಿಯೊಬ್ಬ ತಿಂಗಳ ನಡುವೆ ಹತ್ತು ದಿನ ಊರಿಗೆ ಹೋದರೆ ಅವನ ಬಾಕಿ ಹೇಗೆ ಕಡಿಮೆಯಾಗುತ್ತದೆ? ಮೂವರೂ ಏಕಕಾಲಕ್ಕೆ ನಾಲ್ಕನೆಯವನ ಮುಖ ನೋಡಿದರು. ಅವನು ಸೊಗಸಾಗಿ ಉತ್ತರಿಸಿದ. ಪಕ್ಕದಲ್ಲಿದ್ದ ಹುಡುಗಿಯನ್ನು, ‘ನಿಮ್ಮ ಪಾಲಿನ ಕೆಲಸ ಯಾವುದಮ್ಮಾ?’ ಎಂದೆ. ‘ರಿಪೋರ್ಟ್ ಟೈಪ್ ಮಾಡಿದೆ ಸರ್’ ಎಂದಳು. ನಾಲ್ವರಿಗೂ ಒಂದೇ ಅಂಕ ದೊರೆಯಿತೆಂದು ಆಮೇಲೆ ತಿಳಿಯಿತು.

ಇಂತಹ ಸ್ಥಿತಿಗೆ ಅರ್ಥಶಾಸ್ತ್ರದಲ್ಲಿ ಹಳೆಯ ವಿವರಣೆಯೊಂದಿದೆ. ಅಮೆರಿಕದ ಮ್ಯಾನ್ಕರ್ ಓಲ್ಸನ್ 1965ರ ತಮ್ಮ ಗ್ರಂಥದಲ್ಲಿ ಸಾಮೂಹಿಕ ಕ್ರಿಯೆಯ ತರ್ಕವನ್ನು ಬಿಡಿಸಿಟ್ಟರು. ಫಲ ಎಲ್ಲರಿಗೂ ಸಮನಾಗಿ ದೊರೆಯುವುದಾದರೆ, ದುಡಿಯದೆ ಫಲ ಪಡೆಯುವ ಆಸೆ ಪ್ರತಿಯೊಬ್ಬರಲ್ಲೂ ಹುಟ್ಟುತ್ತದೆ ಎಂಬುದು ಅದರ ಸಾರ. ಟಿಕೆಟ್ ಕೊಳ್ಳದೆ ಬಸ್ಸೇರಿದ ಪಯಣಿಗನ ಸಮಸ್ಯೆ ಇದು. ನಾನೂ ಅಂದು ಆ ಮೂವರನ್ನು ಇದೇ ಪಟ್ಟಿಗೆ ಸೇರಿಸಿ ತೃಪ್ತನಾಗಿದ್ದೆ.

ಆದರೆ ಹೊರಡುವ ವೇಳೆಗೆ ಜಗಲಿಯಲ್ಲಿ ಎದುರಾದ ಆ ಹುಡುಗಿ ನನ್ನ ತೃಪ್ತಿಯನ್ನು ಕದಡಿದಳು. ‘ಎರಡು ಸಲ ಕೆಲಸ ಕೇಳಿದ್ದೆ ಸರ್. ನಿನಗೆ ವಿವರಿಸುವಷ್ಟರಲ್ಲಿ ನಾನೇ ಮುಗಿಸಿಬಿಡುತ್ತೇನೆ ಅಂದ. ಮೂರನೆಯ ಸಲ ಕೇಳಲಿಲ್ಲ’ ಎಂದಳು. ಟಿಕೆಟ್ಟಿಗೆ ಹಣ ಹಿಡಿದು ನಿಂತವಳಿಗೆ ಬಸ್ಸೇ ನಿಲ್ಲದೆ ಹೋಗಿತ್ತು.

ಹಾಗೆಂದು ಆ ಹುಡುಗನನ್ನು ದೂರುವುದೂ ನ್ಯಾಯವಲ್ಲ. ಐಬಿಎಂ ಸಂಸ್ಥೆಯ ಓಎಸ್/360 ಎಂಬ ಬೃಹತ್ ತಂತ್ರಾಂಶದ ನಿರ್ಮಾಣವನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್, 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಕೃತಿಯಲ್ಲಿ ತಮ್ಮ ಅನುಭವದ ಪಾಠವನ್ನು ದಾಖಲಿಸಿದ್ದಾರೆ. ವಿಳಂಬವಾಗಿರುವ ಯೋಜನೆಗೆ ಹೆಚ್ಚು ಜನರನ್ನು ಹಾಕಿದರೆ ಅದು ಇನ್ನಷ್ಟು ವಿಳಂಬವಾಗುತ್ತದೆ ಎಂಬುದು ಆ ಪಾಠ. ಹೊಸಬರಿಗೆ ಕಲಿಸಲು ಹಳಬರ ಸಮಯ ವ್ಯಯವಾಗುತ್ತದೆ. ಪರಸ್ಪರ ಮಾತುಕತೆಯ ಹೊರೆಯೂ ಬೆಳೆಯುತ್ತದೆ. ನಾಲ್ವರಿದ್ದಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕಗಳು 6; ಹತ್ತು ಜನರಿದ್ದಲ್ಲಿ 45. ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಒಬ್ಬನೇ ಕುಳಿತು ಮುಗಿಸುವುದು ಆ ಹುಡುಗನಿಗೆ ಲಾಭದ ಲೆಕ್ಕಾಚಾರವೇ ಆಗಿತ್ತು. ತಂತ್ರಾಂಶ ನಡೆಯುತ್ತದೆಯೇ ಎಂದಷ್ಟೇ ಪರೀಕ್ಷಕರು ಕೇಳುವಾಗ, ಜೊತೆಯವರಿಗೆ ಕಲಿಸಿದ್ದಕ್ಕೆ ಅಂಕ ಎಲ್ಲಿಂದ ಬರಬೇಕು? ತಪ್ಪಿರುವುದು ಮಕ್ಕಳ ಸ್ವಭಾವದಲ್ಲಲ್ಲ, ನಾವು ರೂಪಿಸಿರುವ ಪರೀಕ್ಷೆಯಲ್ಲಿ.

ಆ ಹುಡುಗನಲ್ಲಿ ನಾನು ನನ್ನನ್ನೇ ಕಂಡೆನೆಂದು ಒಪ್ಪಿಕೊಳ್ಳಬೇಕು. ಸೇವೆಗೆ ಸೇರಿದ ಹೊಸತರಲ್ಲಿ, ಉಪವಿಭಾಗವೊಂದರಲ್ಲಿದ್ದಾಗ, ಬರಪರಿಹಾರ ಕಾಮಗಾರಿಗಳ ಕೂಲಿ ಪಟ್ಟಿಯನ್ನು ಸಿಬ್ಬಂದಿಗೆ ಒಪ್ಪಿಸದೆ ನಾನೇ ಪರಿಶೀಲಿಸಿ ಸಿದ್ಧಪಡಿಸುತ್ತಿದ್ದೆ. ದಕ್ಷ ಅಧಿಕಾರಿ ಎಂಬ ಹೆಸರೂ ಬಂದಿತ್ತು. ಟೈಫಾಯ್ಡ್ ತಗುಲಿ ಮೂರು ವಾರ ಹಾಸಿಗೆ ಹಿಡಿದಾಗ ಕೂಲಿಯ ಬಟವಾಡೆಯೇ ನಿಂತುಹೋಯಿತು. ‘ನಮಗೂ ತೋರಿಸಿಕೊಟ್ಟಿದ್ದರೆ ಜನ ಕಾಯಬೇಕಾಗಿರಲಿಲ್ಲ ಸಾರ್’ ಎಂದು ವೃದ್ಧ ಶಿರಸ್ತೇದಾರರು ಮೆಲ್ಲಗೆ ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ. ನನ್ನ ದಕ್ಷತೆಯ ಬೆಲೆಯನ್ನು ತೆತ್ತವರು ಮೂರು ವಾರ ಕೂಲಿ ಕಾಣದ ಬಡವರು.

ಹಾಗಾದರೆ ಪರಿಹಾರವೇನು? ನಮ್ಮ ಕಚೇರಿಗಳ ಟಿಪ್ಪಣಿ ಹಾಳೆಯಲ್ಲಿ ಒಂದು ವಿವೇಕವಿದೆ. ವಿಷಯ ನಿರ್ವಾಹಕನಿಂದ ಕಾರ್ಯದರ್ಶಿಯವರೆಗೆ ಪ್ರತಿಯೊಬ್ಬರೂ ಕಂಡಿಕೆಯ ಸಂಖ್ಯೆ ಹಾಕಿ, ತಮ್ಮ ಅಭಿಪ್ರಾಯ ಬರೆದು, ದಿನಾಂಕದೊಂದಿಗೆ ಸಹಿ ಮಾಡುತ್ತಾರೆ. ಯಾರು, ಯಾವಾಗ, ಯಾವ ಕಾರಣಕ್ಕೆ ಏನು ಮಾಡಿದರೆಂಬುದು ಎಷ್ಟೋ ವರ್ಷಗಳ ನಂತರವೂ ತಿಳಿಯುತ್ತದೆ. ತಂತ್ರಾಂಶ ಲೋಕಕ್ಕೂ ಇಂತಹ ಹಾಳೆಯಿದೆ. ಲಿನಕ್ಸ್ ನಿರ್ಮಾತೃ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ವ್ಯವಸ್ಥೆಯಲ್ಲಿ ಪ್ರತಿ ಬದಲಾವಣೆಯೂ ಮಾಡಿದವರ ಹೆಸರು, ಸಮಯ ಮತ್ತು ವಿವರಣೆಯೊಂದಿಗೆ ದಾಖಲಾಗುತ್ತದೆ. ಪರಸ್ಪರ ಮುಖ ನೋಡದ ಸಾವಿರಾರು ಜನ ಲಿನಕ್ಸ್‌ನಂತಹ ಒಂದೇ ತಂತ್ರಾಂಶವನ್ನು ಕಟ್ಟಲು ಸಾಧ್ಯವಾಗಿರುವುದರಲ್ಲಿ ಇಂತಹ ದಾಖಲೆಯ ಪಾಲು ದೊಡ್ಡದು. ಈ ದಾಖಲೆಯನ್ನು ಪ್ರಾಜೆಕ್ಟ್ ವರದಿಯಷ್ಟೇ ಕಡ್ಡಾಯವಾಗಿ ಪರೀಕ್ಷಕರ ಮುಂದಿಡಬೇಕು.

ದಾಖಲೆಯನ್ನೂ ನಟಿಸಬಹುದು ಎಂಬ ಆಕ್ಷೇಪ ಸಹಜ. ಒಂದು ಸಾಲನ್ನು ಹತ್ತು ಬಾರಿ ತಿದ್ದಿ ದುಡಿದಂತೆ ತೋರಿಸುವವರೂ ಇರುತ್ತಾರೆ. ಆದ್ದರಿಂದ ಸಾಲುಗಳನ್ನು ಎಣಿಸುವ ಬದಲು ಮೌಖಿಕ ಪರೀಕ್ಷೆಯ ದಿನ ಚೀಟಿ ಎತ್ತಿ ಒಬ್ಬರನ್ನು ಆರಿಸಿ, ತಂಡದ ಇನ್ನೊಬ್ಬರು ಬರೆದ ಭಾಗದಲ್ಲಿ ಒಂದು ಸಣ್ಣ ಬದಲಾವಣೆ ಮಾಡಲು ಹೇಳಲಿ. ಅದರ ಅಂಕ ಇಡೀ ತಂಡಕ್ಕೆ ಸೇರಲಿ. ಆಗ ಜೊತೆಯವಳಿಗೆ ವಿವರಿಸುವುದು ಉಪಕಾರವಾಗಿ ಉಳಿಯದೆ ಸ್ವಂತ ಹಿತವೂ ಆಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಅಧ್ಯಾಪಕರ ಮೇಲಿನ ಹೊರೆ ನಿಜವಾದರೂ, ತಂಡಕ್ಕೆ ಹತ್ತು ನಿಮಿಷ ಹೆಚ್ಚು ಕೊಡುವುದು ಅಸಾಧ್ಯವೇನಲ್ಲ. ಜೊತೆಗೆ ಈ ಅಭ್ಯಾಸ ಅಂತಿಮ ವರ್ಷದವರೆಗೆ ಕಾಯದೆ ಎರಡನೆಯ ವರ್ಷದ ಸಣ್ಣ ಕೆಲಸಗಳಿಂದಲೇ ಆರಂಭವಾಗಬೇಕು. ನೀರಿಗಿಳಿಯದೆ ಈಜು ಬಾರದು. ಆದರೆ ಮೊದಲ ದಿನವೇ ನಡುಹೊಳೆಗೆ ತಳ್ಳುವುದೂ ಶಿಕ್ಷಣವಲ್ಲ.

ಭಾರತವು 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವ ಪಡೆಯಿತು. ಆ ಚೌಕಟ್ಟಿನಲ್ಲಿ ಇಂಜಿನಿಯರಿಂಗ್ ಪದವೀಧರನಿಗಿರಬೇಕಾದ ಗುಣಗಳಲ್ಲಿ ತಂಡದಲ್ಲಿ ದುಡಿಯುವ ಸಾಮರ್ಥ್ಯವೂ ಒಂದು. ಪಠ್ಯಕ್ರಮದ ಪುಟಗಳಲ್ಲಿ ಆ ಮಾತು ಮುದ್ರಿತವಾಗಿರುತ್ತದೆ; ಅಂಕಪಟ್ಟಿಗೆ ಮಾತ್ರ ಇಳಿಯುವುದಿಲ್ಲ. ಈ ಅಂತರದಲ್ಲಿಯೇ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ಹುಟ್ಟಿಕೊಂಡಿವೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ ತಕ್ಷಣ ಪ್ರೋಗ್ರಾಂ ಬರೆದುಕೊಡುವ ಇಂದಿನ ದಿನಗಳಲ್ಲಿ, ಕೇವಲ ನಡೆಯುವ ತಂತ್ರಾಂಶವನ್ನು ನೋಡಿ ಅಂಕ ಕೊಡುವುದಕ್ಕೆ ಅರ್ಥವೇ ಉಳಿದಿಲ್ಲ. ಏನನ್ನು ಬರೆಯಬೇಕೆಂದು ಕೂಡಿ ನಿರ್ಧರಿಸುವುದು, ಭಿನ್ನಾಭಿಪ್ರಾಯವನ್ನು ಮನಸ್ತಾಪವಿಲ್ಲದೆ ಬಗೆಹರಿಸುವುದು, ತಾನು ಮಾಡಿದ್ದನ್ನು ಮತ್ತೊಬ್ಬರಿಗೆ ತಿಳಿಯುವಂತೆ ಹೇಳುವುದು ಇನ್ನೂ ಮನುಷ್ಯರ ಪಾಲಿಗೇ ಉಳಿದಿವೆ.

ಇದೇ ಪರೀಕ್ಷಾ ಪದ್ಧತಿಯಿಂದ ಪ್ರತಿವರ್ಷ ಹೊರಬೀಳುವ ಪದವೀಧರರಲ್ಲಿ ಆ ಹುಡುಗನಂಥವರಿಗೆ ಹೇಗೋ ಕೆಲಸ ಸಿಗುತ್ತದೆ. ಕೂಡಿ ದುಡಿಯುವುದನ್ನು ಆಮೇಲೆ ಪೆಟ್ಟು ತಿಂದು ಕಲಿಯುತ್ತಾರೆ. ನನ್ನ ಚಿಂತೆ ಮೂರನೆಯ ಸಲ ಕೇಳದೆ ಸುಮ್ಮನಾದ ಆ ಹುಡುಗಿಯದು. ಅವಳ ಅಂಕಪಟ್ಟಿಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ತನಗೆ ಬಾರದು ಎಂಬ ತಪ್ಪು ನಂಬಿಕೆಯೊಂದನ್ನು ಮಾತ್ರ ನಾಲ್ಕು ವರ್ಷಗಳ ಶುಲ್ಕ ತೆತ್ತು ಅವಳು ಮನೆಗೆ ಒಯ್ದಿದ್ದಾಳೆ. ಅವಳು ಮೂರನೆಯ ಸಲ ಕೇಳುವ ಅಗತ್ಯವೇ ಬಾರದಂತೆ ಪರೀಕ್ಷೆಯನ್ನು ತಿದ್ದುವ ಹೊಣೆ ವಿಶ್ವವಿದ್ಯಾಲಯಗಳದು.